ಸೀರೆಗೆ ಕೂಡದ ಕುಪ್ಪಸ

ಹೈದರಾಬಾದಿನ ಅಮೀರ್‌ಪೇಟ್‌ನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೊಂದನ್ನು ನೋಡಿಕೊಳ್ಳುವುದು ನನ್ನ ಈಗಿನ ಕೆಲಸ. ಬೆಂಗಳೂರಿನಿಂದ, ಮೈಸೂರಿನಿಂದ, ಕರಾವಳಿಯಿಂದ ಬಂದ ಹುಡುಗಿಯರು ಬೆಳಗ್ಗೆ ಕ್ಲಾಸಿಗೆ, ಕಂಪನಿಗೆ ಹೊರಡುವ ಹೊತ್ತಿಗೆ ನಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ಚೌಕಳಿ ಪ್ಯಾಂಟಿನ ಮೇಲೆ ಹೂವಿನ ಅಂಗಿ, ಪಟ್ಟೆಪಟ್ಟೆ ಕುರ್ತಾಕ್ಕೆ ಚುಕ್ಕಿ ದುಪಟ್ಟಾ, ಒಂದಕ್ಕೊಂದು ಸಂಬಂಧವೇ ಇಲ್ಲ. ಬೇಕೆಂದೇ ಹಾಗೆ ಹಾಕಿಕೊಳ್ಳುವುದಂತೆ, ಈಗ ಅದೇ ಚಂದವಂತೆ. ಮೊನ್ನೆ ಒಬ್ಬಳು ನನ್ನ ಒಂದೇ ಬಣ್ಣದ ಸೀರೆ, ಅದೇ ಬಣ್ಣದ ರವಿಕೆ ನೋಡಿ, ನೀವೂ ಒಂದು ದಿನ ಹೀಗೆ ಬೆರೆಸಿ ಉಟ್ಟು ನೋಡಿ ಆಂಟಿ, ವಯಸ್ಸು ಕಡಿಮೆ ಕಾಣುತ್ತೆ ಎಂದಳು. ಒಳ್ಳೆಯ ಮನಸ್ಸಿನ ಹುಡುಗಿ. ಊಟಕ್ಕೆ ಬೇಗ ಬಾ, ಸಾರು ಆರಿ ಹೋಗುತ್ತೆ ಎಂದು ಹೇಳಿ ಕಳಿಸಿದೆ. ಅವಳು ಹೋದ ಮೇಲೆ ಇಡೀ ದಿನ ತಲೆ ಕೆಟ್ಟು ಕೂತಿದ್ದೆ. ಬೆರೆಸಿ ಉಡುವುದು ಎಂದರೇನು ಎಂದು ನನಗೆ ಗೊತ್ತಿರುವಷ್ಟು ಈ ಊರಿನಲ್ಲಿ ಇನ್ಯಾರಿಗೂ ಗೊತ್ತಿರಲಿಕ್ಕಿಲ್ಲ. ಆ ವಿದ್ಯೆಯಲ್ಲೇ ನಾನು ಬೆಳೆದೆ, ಅದರಿಂದಲೇ ಹಾಳೂ ಆದೆ.

ಕುಷಾಯಿಗೂಡದಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಮಂಚ, ಅವ್ವನ ಹೊಲಿಗೆಯ ಕೈಮಿಷನ್ನು, ಬಟ್ಟೆಯ ಟ್ರಂಕು. ಹಿಂದಿನದು ಅಡುಗೆಮನೆ, ಅದರ ಮೂಲೆಯಲ್ಲೇ ನೀರು ಹೊಯ್ದುಕೊಳ್ಳುವ ಬಚ್ಚಲು. ಅಪ್ಪ ನಾಚಾರಂನಲ್ಲಿ ಬಟ್ಟೆಗೆ ಅಚ್ಚು ಹಾಕುವ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಒಂದೊಂದು ಬಣ್ಣಕ್ಕೆ ಒಂದೊಂದು ಚೌಕಟ್ಟು ಇಟ್ಟು ಬಣ್ಣ ಎಳೆಯಬೇಕು. ಒಂದು ಚೌಕಟ್ಟು ಕೂದಲೆಳೆಯಷ್ಟು ಸರಿದರೂ ಬಳ್ಳಿ ಒಂದು ಕಡೆ, ಅದರ ಹೂವು ಇನ್ನೊಂದು ಕಡೆ. ಎಲೆಯ ಹಸಿರು ಎಲೆಯ ಗೆರೆಯನ್ನು ಬಿಟ್ಟು ಹೊರಗೆ ಬಿದ್ದಿರುತ್ತದೆ. ಹಾಗೆ ಕೆಟ್ಟ ಮಾಲನ್ನು ಕೆಲಸಗಾರರು ಮನೆಗೆ ಒಯ್ಯಬಹುದಿತ್ತು. ಹೀಗಾಗಿ ನಮ್ಮ ಮನೆಯಲ್ಲಿ ಅಚ್ಚಿಲ್ಲದ ಅರಿವೆ ಎಂಬುದೇ ಇರಲಿಲ್ಲ. ದಿಂಬಿನ ಚೀಲದಲ್ಲಿ ಕೊಕ್ಕು ಕಳಕೊಂಡ ನವಿಲು, ಪರದೆಯಲ್ಲಿ ತೊಟ್ಟಿಲ್ಲದ ಮಾವಿನಕಾಯಿ, ನನ್ನ ಫ್ರಾಕಿನ ಎದೆಯ ಮೇಲೆ ಒಂದರ ಮೇಲೊಂದು ಎರಡು ಸಲ ಬಿದ್ದ ಗುಲಾಬಿ. ಅವ್ವನ ಸೀರೆಗಳೂ ಅವೇ. ಮನೆಗೆ ಬಂದವರಿಗೆ ಕಣ್ಣು ಕತ್ತಲೆ ಬರುತ್ತಿತ್ತು.

ಇಷ್ಟೆಲ್ಲ ಹೊತ್ತು ತರುತ್ತಿದ್ದ ಅಪ್ಪ ಮಾತ್ರ ಅಂಗಡಿಯಲ್ಲಿ ಕೊಂಡ ಸಾದಾ ಬಿಳಿ ಅಂಗಿ ಬಿಟ್ಟು ಬೇರೆ ಹಾಕಿದವನಲ್ಲ. ಅವ್ವ ಒಮ್ಮೆ ಇದ್ದುದರಲ್ಲೇ ಚಲೋ ತುಂಡು ಆರಿಸಿ, ಅರಿಷಿಣ ಬಣ್ಣದ ನೆಲದ ಮೇಲೆ ನೀಲಿ ಎಲೆಗಳಿದ್ದದ್ದನ್ನು, ಅವನಿಗೊಂದು ಅಂಗಿ ಹೊಲಿದಳು. ಎಲೆಗಳು ಗೆರೆಯಿಂದ ಒಂದಿಷ್ಟೇ ಸರಿದಿದ್ದವು, ಹತ್ತಿರ ಹೋಗಿ ನೋಡದಿದ್ದರೆ ಗೊತ್ತೂ ಆಗುತ್ತಿರಲಿಲ್ಲ. ಅವನು ಅದನ್ನು ಮೈಗೆ ಹಿಡಿದು ನೋಡಿ ನಕ್ಕು, ಮಂಚದ ಮೇಲಿನ ಗೂಟಕ್ಕೆ ತೂಗುಹಾಕಿದ.

"ದಿನಾ ಅದನ್ನ ನೋಡಾಕತ್ತೀನಿ. ಮೈಮ್ಯಾಲೂ ಬ್ಯಾಡ ಬಿಡು," ಎಂದ.

ಅವ್ವ ಸಿಟ್ಟಾಗಲಿಲ್ಲ. ಯಾವತ್ತಾದರೂ ಹಾಕಿಕೊಂಡಾನು ಎಂದು ಅದನ್ನು ಗೂಟದಲ್ಲೇ ಬಿಟ್ಟಳು.

ಸೀರೆ ಅಪ್ಪನದಾದರೆ ಕುಪ್ಪಸ ಊರವರದು. ನಮ್ಮ ಹಿರಿಯರದು ಗುಳೇದಗುಡ್ಡದ ಕಡೆಯ ಊರು, ಕುಪ್ಪಸದ ಖಣ ನೇಯುವ ಮನೆತನ. ಅಪ್ಪನ ತಾಯಿ, ನಮ್ಮ ಜೊತೆಗೇ ಇದ್ದ ಆಯಿ, ಮಗ್ಗದ ಸಪ್ಪಳದಲ್ಲೇ ಹುಟ್ಟಿ ಬೆಳೆದವಳು. ಹೈದರಾಬಾದಿನಲ್ಲಿದ್ದ ನಮ್ಮ ಕಡೆಯ ನಾಲ್ಕಾರು ಮನೆಗಳ ಹೆಂಗಸರು ಶ್ರಾವಣದಲ್ಲಿ, ನವರಾತ್ರಿಯಲ್ಲಿ, ಸೀಮಂತ, ತೊಟ್ಟಿಲು, ಮದುವೆಗಳಲ್ಲಿ ಒಬ್ಬರಿಗೊಬ್ಬರು ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬುಗಳ ಜೊತೆ ಖಣವನ್ನೂ ಇಡುತ್ತಿದ್ದರು. ಗಂಡನಿರುವ ಹೆಂಗಸಿಗೆ ಆ ಖಣ ಬರಲೇಬೇಕು. ಅವ್ವನ ಕುಪ್ಪಸಗಳೆಲ್ಲ ಹಾಗೆ ಬಂದವು. ಒಂದರಲ್ಲಿ ನವಿಲುಬಣ್ಣದ ನೆಲಕ್ಕೆ ಸಣ್ಣ ನಕ್ಷತ್ರ, ಇನ್ನೊಂದರಲ್ಲಿ ಕೆಂಪಿನ ಮೇಲೆ ತುಳಸಿ ಎಲೆ. ಖಣದ ನೇಯ್ಗೆಯ ಚುಕ್ಕಿಗಳು ಕೈಗೆ ತಾಗುವಂಥವು, ಕಣ್ಣು ಮುಚ್ಚಿ ಸವರಿದರೂ ತಿಳಿಯುತ್ತವೆ. ಸೀರೆ ಯಾವುದಿದ್ದರೂ ಅವ್ವ ಕೈಗೆ ಸಿಕ್ಕ ಖಣದ ಕುಪ್ಪಸ ತೊಡುವಳು. ಗೆರೆ ಮೀರಿದ ದಾಸವಾಳದ ಸೀರೆಯ ಮೇಲೆ ನಕ್ಷತ್ರದ ತೋಳು. ಬೇಕಂತ ಮಾಡಿದ ಬೆರಕೆಯಲ್ಲ ಅದು. ಒಂದನ್ನು ಗಂಡ ತಂದ, ಇನ್ನೊಂದನ್ನು ಗಂಡನಿದ್ದಾನೆ ಎಂದು ಜನ ಕೊಟ್ಟರು. ಎರಡೂ ಅವಳ ಮೈಮೇಲೆ ಬಂದು ಸೇರಿದವು, ಅಷ್ಟೆ.

ನನಗೆ ಅದು ಭಾರಿ ನಾಚಿಕೆಯ ವಿಷಯ. ಪಕ್ಕದ ಮನೆಯ ಯಾದಮ್ಮ ಕಾಯಿಪಲ್ಯೆ ತರಲು ಹೋಗಬೇಕಾದರೂ ಸೀರೆಯ ಬಣ್ಣದ್ದೇ ಜಾಕೆಟ್ಟು ತೊಡುವಾಕೆ. ಕಮಲಾನಗರದ ರಸ್ತೆಯಲ್ಲಿ ಮ್ಯಾಚಿಂಗ್ ಸೆಂಟರ್ ಎಂಬ ಅಂಗಡಿಗಳಿದ್ದವು. ಗೋಡೆ ತುಂಬ ಮಡಿಸಿಟ್ಟ ಸಾದಾ ಬಟ್ಟೆ, ಒಂದೇ ಹಸಿರಿನಲ್ಲಿ ಎಷ್ಟೊಂದು ಹಸಿರು. ಶಾಲೆಯಿಂದ ಬರುವಾಗ ನಾನು ಅಂಗಡಿಯ ಮುಂದೆ ನಿಂತು, ಹೆಂಗಸರು ಸೀರೆಯ ಸೆರಗನ್ನು ಬಟ್ಟೆಗೆ ಹಿಡಿದು, ಬಿಸಿಲಿಗೆ ಬಂದು ನೋಡಿ, ಸರಿಹೊಂದಿತೆಂದು ತಲೆಯಾಡಿಸುವುದನ್ನು ನೋಡುತ್ತಿದ್ದೆ. ನಮ್ಮ ಅವ್ವ ಒಂದು ದಿನ, ಒಂದೇ ಒಂದು ದಿನ, ಹಾಗೆ ಉಟ್ಟುಕೊಂಡು ಶಾಲೆಗೆ ಬರಬೇಕು ಎಂಬುದು ಬಿಟ್ಟರೆ ನನಗೆ ಆಗ ದೇವರ ಹತ್ತಿರ ಕೇಳುವಂಥದ್ದು ಏನೂ ಇರಲಿಲ್ಲ. ಅವ್ವನಿಗೇ ಹೇಳಿದೆ. ಮನೆಯಲ್ಲಿ ಇಷ್ಟು ಖಣ ಬಿದ್ದಿರುವಾಗ ರೊಕ್ಕ ಕೊಟ್ಟು ಸಾದಾ ಬಟ್ಟೆ ತರುವವರು ಹುಚ್ಚರು ಎಂದಳು. ಆಯಿ ಮಾತ್ರ ನನ್ನನ್ನು ಹತ್ತಿರ ಕೂರಿಸಿಕೊಂಡು ತನ್ನ ಮೈ ತೋರಿಸಿದಳು. ಗಂಡ ಸತ್ತಂದಿನಿಂದ ಆಕೆ ಉಡುತ್ತಿದ್ದದ್ದು ಅಂಚು ಮಾಸಿದ ಸಾದಾ ಸೀರೆ, ಬಿಳಿ ಕುಪ್ಪಸ.

"ಸಾದಾ ಅರಿವಿ ನಾ ಉಟ್ಟೀನಲ್ಲ, ಸಾಲದನ? ನಿಮ್ಮವ್ವಗ ಅದು ಬ್ಯಾಡ," ಎಂದಳು.

ಒಂದು ಸೋಮವಾರ ಅಪ್ಪ ಎಂದಿನಂತೆ ಬುತ್ತಿ ಕಟ್ಟಿಸಿಕೊಂಡು ಕೆಲಸಕ್ಕೆ ಹೋದವನು ಸಂಜೆ ಬರಲಿಲ್ಲ. ಮರುದಿನ ಅವ್ವ ನಾಚಾರಂಗೆ ಹೋಗಿ ಕೇಳಿದಳು. ಶನಿವಾರವೇ ಕೆಲಸ ಬಿಟ್ಟ, ಊರಿಗೆ ಹೋಗುತ್ತೇನೆ ಎಂದ ಎಂದರು. ಊರಿನಲ್ಲಿ ಕೇಳಿಸಿದರೆ, ಇಲ್ಲಿಗೆ ಬಂದೇ ಇಲ್ಲ ಎಂದರು. ಠಾಣೆಯಲ್ಲಿ ಬರೆದುಕೊಂಡರು. ಆಸ್ಪತ್ರೆಗಳಿಗೆ ಹೋಗಿ ಬಂದದ್ದಾಯಿತು. ಜಗಳ ಆಗಿತ್ತೇ ಎಂದು ಎಲ್ಲರೂ ಅವ್ವನನ್ನು ಕೇಳಿದರು. ಆಗಿರಲಿಲ್ಲ. ಆಗಿದ್ದರೆ ಚೆನ್ನಾಗಿತ್ತು, ಹಿಡಿದುಕೊಳ್ಳಲು ಒಂದು ಕಾರಣವಾದರೂ ಇರುತ್ತಿತ್ತು. ಹಿಂದಿನ ದಿನ ಭಾನುವಾರ ಅವನು ನನ್ನ ಜಡೆ ಬಿಚ್ಚಿ ಎಣ್ಣೆ ಹಚ್ಚಿದ್ದ. ಬಿಳಿ ಅಂಗಿಗಳೆಲ್ಲ ಹೋಗಿದ್ದವು. ಗೂಟದ ಮೇಲೆ ನೀಲಿ ಎಲೆಗಳ ಅಂಗಿ ಹಾಗೇ ಇತ್ತು. ಅವ್ವ ಅದನ್ನು ಬಹಳ ಹೊತ್ತು ನೋಡಿದಳು. ಉಳಿದವರು ಇನ್ನೂ ಹುಡುಕುತ್ತಿದ್ದರು, ಅವಳು ಹುಡುಕುವುದನ್ನು ಆ ಹೊತ್ತಿಗೇ ಬಿಟ್ಟಳು ಎಂದು ಈಗ ನನಗೆ ಅನಿಸುತ್ತದೆ.

ಕೆಲವು ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಅವ್ವ ಆಯಿಯದೇ ಒಂದು ಹಳೆಯ ಸಾದಾ ಸೀರೆ ಉಟ್ಟು ಒಲೆಯ ಮುಂದೆ ಕೂತಿದ್ದಳು. ಬೇಸರಕ್ಕೆ ಉಟ್ಟಳೋ, ಬೇರೆ ಸೀರೆ ಒಗೆಯಲು ಹಾಕಿದ್ದಳೋ, ಕೇಳಿದವರಿಲ್ಲ. ಆಯಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನೋಡಿದಳು. ಆಕೆ ಜೋರಾಗಿ ಮಾತಾಡುವವಳಲ್ಲ.

"ನನ್ನ ಮಗ ಅದಾನ. ಎಲ್ಲೆರ ಅದಾನ. ಅವ ಇರೂತನ ನಿನ್ನ ಮೈಮ್ಯಾಲೆ ಬಣ್ಣ ಇರಬೇಕು. ನೀ ಬಣ್ಣ ತಗದೆಂದ್ರ ನೀನ ಅವನ್ನ ಕೊಂದಂಗ."

ಅವ್ವ ಎದ್ದು ಹೋಗಿ ದಾಸವಾಳದ ಸೀರೆ ಉಟ್ಟು, ನಕ್ಷತ್ರದ ಕುಪ್ಪಸ ತೊಟ್ಟು ಬಂದು ರೊಟ್ಟಿ ಬಡಿದಳು. ಅಂದಿನಿಂದ ಅದು ಮನೆಯ ಕಟ್ಟಳೆ. ಅವ್ವ ಬಣ್ಣದಲ್ಲಿದ್ದರೆ ಅಪ್ಪ ಬದುಕಿದ್ದಾನೆ. ಆಯಿಯ ಕಣ್ಣಿಗೆ ಪೊರೆ ಬಂದಿತ್ತು, ಆಗಲೇ ಮಬ್ಬು, ದಿನದಿಂದ ದಿನಕ್ಕೆ ಇನ್ನೂ ಮಬ್ಬು. ಬೆಳಗ್ಗೆ ಚಹಾದ ಬಟ್ಟಲು ಕೊಡಲು ಬಂದ ಅವ್ವನ ತೋಳನ್ನು ಆಕೆ ಹಿಡಿದು ಸವರುವಳು. ನೇಯ್ಗೆಯ ಚುಕ್ಕಿ ಬೆರಳಿಗೆ ತಾಗಿದ ಮೇಲೇ ಚಹಾ ಕುಡಿಯುವಳು. ಅವ್ವ ಮೋಸ ಮಾಡುವ ಹಾಗಿರಲಿಲ್ಲ.

ಇನ್ನೊಂದು ಕಟ್ಟಳೆ ಊಟದ್ದು. ಸಂಜೆ ಬಡಿದ ಜೋಳದ ರೊಟ್ಟಿಯಲ್ಲಿ ಒಂದನ್ನು ಆಯಿ ಅಪ್ಪನಿಗೆಂದು ಎತ್ತಿ ಬುಟ್ಟಿಯಲ್ಲಿ ಮುಚ್ಚಿಡುತ್ತಿದ್ದಳು, ಒಂದು ಚಮಚ ಶೇಂಗಾ ಚಟ್ನಿಯ ಜೊತೆ. ಬೆಳಗ್ಗೆ ಅದು ಗಟ್ಟಿಯಾಗಿರುತ್ತಿತ್ತು. ಎಸೆಯುವಂತಿಲ್ಲ. ಮುರಿದು ಮಜ್ಜಿಗೆಯಲ್ಲಿ ನೆನೆಸಿ, ಒಗ್ಗರಣೆ ಹಾಕಿ ನನಗೆ ಕೊಡುತ್ತಿದ್ದರು. ಶಾಲೆಗೆ ಹೋಗುವ ಮುಂಚೆ ನಾನು ತಿಂದದ್ದು ಅದನ್ನೇ, ವರ್ಷಗಟ್ಟಲೆ. ಅಪ್ಪನ ಕಡೆಯಿಂದ ನನಗೆ ಬಂದ ಆಸ್ತಿ ಅದೊಂದೇ. ಅವನು ಬರಲಿಲ್ಲ ಎಂಬುದು ಬೇರೆಯವರಿಗೆ ಒಂದು ಸುದ್ದಿ, ನನಗೆ ಮಾತ್ರ ದಿನಾ ಬೆಳಗಿನ ನಾಷ್ಟಾ.

ಅವ್ವ ಬಿಸ್ಕತ್ತು ತುಂಬುವ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಸೇರಿದಳು. ಅಲ್ಲಿ ಎಲ್ಲ ಹೆಂಗಸರಿಗೂ ಸೀರೆಯ ಮೇಲೆ ಬೂದು ಬಣ್ಣದ ಉದ್ದ ಕೋಟು ಕೊಡುತ್ತಿದ್ದರು, ತಲೆಗೆ ಅದೇ ಬಣ್ಣದ ಟೊಪ್ಪಿಗೆ. ರಜೆಯ ದಿನವೊಂದರಲ್ಲಿ ನಾನು ಬುತ್ತಿ ಕೊಡಲು ಹೋದಾಗ ಅವಳ ಗುರುತು ಹತ್ತಲಿಲ್ಲ. ಸಾಲಾಗಿ ಕೂತ ಬೂದು ಹೆಂಗಸರಲ್ಲಿ ಒಬ್ಬಳು ಯಾವುದೋ ಮಾತಿಗೆ ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಳು. ಅವಳು ಅವ್ವ ಎಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ಗೇಟಿನ ಹತ್ತಿರ ಬಂದವಳು ಕೋಟಿನ ಗುಂಡಿ ಬಿಚ್ಚದೆಯೇ ಬುತ್ತಿ ತಗೊಂಡಳು. ಸೆಕೆ ಆಗುವುದಿಲ್ಲವೇ ಎಂದು ಕೇಳಿದೆ. ಇದರೊಳಗೆ ಹಾಯೆನಿಸುತ್ತದೆ, ಇಲ್ಲಿ ತಾನು ಯಾರಿಗೂ ಏನೂ ಅಲ್ಲ ಎಂದಳು. ಆ ಮಾತು ನನ್ನನ್ನೂ ಹೊರಗಿಟ್ಟು ಆಡಿದ್ದು. ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಅಳು ಬಂದಿತ್ತು.

ಅಚ್ಚು ಕೆಟ್ಟ ಬಟ್ಟೆ ಅಪ್ಪನೊಂದಿಗೇ ನಿಂತಿತ್ತು. ಸೀರೆಗಳು ಸವೆಯತೊಡಗಿದವು. ಖಣ ಬರುವುದೂ ಕಡಿಮೆಯಾಯಿತು. ಮೊದಲ ವರ್ಷ ಎಲ್ಲರೂ ಕರೆದರು, ಎಲ್ಲರೂ ಉಡಿ ತುಂಬಿದರು, ಆಮೇಲೆ ಒಂದೊಂದೇ ಮನೆಯವರು ಕರೆಯಲು ಮರೆತರು. ನಮ್ಮವರನ್ನು ಕೆಟ್ಟವರು ಎನ್ನಲಾರೆ. ಗಂಡ ಸತ್ತವಳಿಗೆ ಏನು ಮಾಡಬೇಕು, ಏನು ಮಾಡಬಾರದು ಎಂದು ಅವರಿಗೆ ಗೊತ್ತು. ಗಂಡನಿರುವವಳಿಗೆ ಏನು ಮಾಡಬೇಕು ಎಂಬುದೂ ಗೊತ್ತು. ಗಂಡ ಸತ್ತೂ ಇಲ್ಲ, ಇದ್ದೂ ಇಲ್ಲ ಎಂಬವಳಿಗೆ ಏನು ಮಾಡಬೇಕೆಂದು ಯಾವ ಅಜ್ಜಿಯೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ನಮ್ಮವರಲ್ಲೇ ಸ್ವಲ್ಪ ಅನುಕೂಲವಾಗಿದ್ದವರು ಕಸ್ತೂರಿಬಾಯಿ. ಅವರ ಗಂಡನಿಗೆ ಕಿರಾಣಿ ವ್ಯಾಪಾರ. ಶ್ರಾವಣದ ಶುಕ್ರವಾರ ಅವರ ಮನೆಯಲ್ಲಿ ಎಲ್ಲ ಹೆಂಗಸರೂ ಸೇರುತ್ತಿದ್ದರು, ಮತ್ತು ಅವರು ನಮ್ಮನ್ನು ಕರೆಯುವುದು ಬಿಟ್ಟಿರಲಿಲ್ಲ. ಆ ವರ್ಷ ಆಯಿ ಟ್ರಂಕಿನಲ್ಲಿದ್ದ ಕೊನೆಯ ಗಟ್ಟಿ ಸೀರೆಯನ್ನು ತಾನೇ ತೆಗೆಸಿ ಅವ್ವನಿಗೆ ಉಡಿಸಿದಳು. ನಾನೂ ಹೋದೆ. ಜಮಖಾನೆಯ ಮೇಲೆ ಸಾಲಾಗಿ ಕೂತ ಹೆಂಗಸರ ಮುಂದೆ ಕಸ್ತೂರಿಬಾಯಿ ತಟ್ಟೆ ಹಿಡಿದು ಒಬ್ಬೊಬ್ಬರಿಗೇ ಕುಂಕುಮ ಹಚ್ಚಿ, ಸೆರಗಿನಲ್ಲಿ ಖಣ ಇಟ್ಟು, ಅಕ್ಕಿ ಸುರಿಯುತ್ತ ಬಂದರು. ಅವ್ವ ತನ್ನ ಸರದಿಗೆ ಮೊದಲೇ ಸೆರಗು ಬಿಡಿಸಿ ಒಡ್ಡಿ ಕೂತಿದ್ದಳು. ಕಸ್ತೂರಿಬಾಯಿ ಅವಳಿಗೆ ಕುಂಕುಮ ಹಚ್ಚಿದರು. ಬಾಳೆಹಣ್ಣು ಇಟ್ಟರು. ಖಣ ಎತ್ತಿಕೊಂಡ ಕೈ ಅಲ್ಲಿಯೇ ನಿಂತಿತು. ಹಿಂದೆ ಕೂತಿದ್ದ ಅವರ ಅತ್ತೆ ಕೆಮ್ಮಿದರು.

"ಶಾಂತವ್ವಾರ, ತಪ್ಪ ತಿಳೀಬ್ಯಾಡ್ರಿ. ಈ ಖಣ ಕೂಸಿಗೆ ಕೊಡ್ತೀನಿ. ಎಲ್ಲಾ ಒಂದ ಮನಿಗೇ ಬಂತಲ್ಲ."

ಖಣ ನನ್ನ ಮಡಿಲಿಗೆ ಬಂತು. ಕಡುಕೆಂಪು ನೆಲ, ಬಂಗಾರ ಬಣ್ಣದ ಸಣ್ಣ ಹೂವು, ಎರಡೂ ಕಡೆ ಹಸಿರು ಅಂಚು. ಮದುವೆಯಾಗದ ಹುಡುಗಿಯರಿಗೂ ಒಮ್ಮೊಮ್ಮೆ ಕೊಡುವುದುಂಟು, ನನಗೆ ಮಾತ್ರ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ನನಗೆ ಎಷ್ಟು ಸಂತೋಷವಾಯಿತು ಎಂದರೆ ಪಕ್ಕದಲ್ಲಿ ಕೂತ ಅವ್ವನ ಮುಖ ನೋಡಬೇಕೆಂದು ಹೊಳೆಯಲೇ ಇಲ್ಲ. ಬಸ್ಸಿನಲ್ಲಿ ಅವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು, ನಾನು ಖಣ ಬಿಡಿಸಿ ಮಡಿಸಿ ಮಾಡುತ್ತಿದ್ದೆ. ಮನೆಯ ಮೆಟ್ಟಿಲಿನಿಂದಲೇ ಕೂಗಿಕೊಂಡು ಹೋಗಿ ಆಯಿಯ ಕೈಯಲ್ಲಿಟ್ಟು, ನೋಡು, ನನಗೆ ಕೊಟ್ಟರು ಎಂದೆ. ಆಯಿ ಅದನ್ನು ಸವರಿದಳು. ನಿಮ್ಮವ್ವಗ ಯಾವುದು ಕೊಟ್ಟರು ಎಂದು ಕೇಳಿದಳು. ಅವ್ವಗ ಬಾಳೆಹಣ್ಣು ಎಂದೆ.

ಮರುದಿನ ನಾನು ಶಾಲೆಯಿಂದ ಬರುವ ಹೊತ್ತಿಗೆ ನನ್ನ ಖಣ ಕತ್ತರಿಸಿ ಆಗಿತ್ತು. ಆಯಿ ಬಾಗಿಲ ಬೆಳಕಿಗೆ ಕೂತು, ಕಣ್ಣಿಗಿಂತ ಹೆಚ್ಚು ಬೆರಳಿನಿಂದಲೇ ನೋಡುತ್ತ, ಅದನ್ನು ಅವ್ವನ ಅಳತೆಗೆ ಕೈಯಿಂದ ಹೊಲಿಯುತ್ತಿದ್ದಳು. ನಾನು ನೆಲದ ಮೇಲೆ ಬಿದ್ದು ಹೊರಳಾಡಿ ಅತ್ತೆ. ಆಯಿ ನನ್ನ ಕಡೆ ತಿರುಗಲೂ ಇಲ್ಲ. ಅವ್ವ ಕೆಲಸದಿಂದ ಬಂದು, ಕೈಕಾಲು ತೊಳೆದು, ಕೂತಳು. ಆಯಿ ಕುಪ್ಪಸ ಮುಂದಿಟ್ಟು ಭಾನುವಾರ ತೊಡಬೇಕು, ತೊಟ್ಟು ಕಸ್ತೂರಿಬಾಯಿಯ ಓಣಿಯಲ್ಲೇ ಹಾದು ಬರಬೇಕು ಎಂದಳು. ಅವ್ವ ಅದನ್ನು ಮುಟ್ಟಲಿಲ್ಲ. ಆಯಿ ಮತ್ತೆ ಹೇಳಿದಳು. ನನ್ನ ಮಗನ ಸಲುವಾಗಿ ಎಂದಳು. ಅವ್ವ ಅತ್ತೆಗೆ ಎದುರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಅತ್ತೀ, ಅವರು ಸತ್ತಿದ್ದರ ಅತ್ತು ಮುಗಸ್ತಿದ್ದೆ. ಅದಾರ ಅಂತೀರಿ ನೀವು. ಇದ್ದೂ ಬರಲಿಲ್ಲ ಅಂದ್ರ ನಾ ಬ್ಯಾಡ ಅಂತ ಹೋಗ್ಯಾರ. ಬ್ಯಾಡಾದಾಕಿ ಯಾರಿಗಂತ ಉಡಬೇಕ್ರಿ?"

ಹೊರಗೆ ಯಾದಮ್ಮನ ಮನೆಯ ಕುಕ್ಕರು ಕೂಗುತ್ತಿತ್ತು. ಆಯಿ ಗೋಡೆ ಹಿಡಿದು ಎದ್ದು ಬಂದು ಅವ್ವನ ಮುಂದೆ ಕೂತಳು.

"ನನಗಂತ ಉಡು," ಎಂದಳು. "ನಾ ಇರೂತನ."

ಅವ್ವ ಭಾನುವಾರ ಆ ಕುಪ್ಪಸ ತೊಟ್ಟಳು. ಯಾವ ಓಣಿಗೂ ಹೋಗಲಿಲ್ಲ. ಮನೆಯೊಳಗೇ ಇದ್ದು, ಮಧ್ಯಾಹ್ನ ಬದನೆಕಾಯಿ ತುಂಬಿ ಪಲ್ಯ ಮಾಡಿದಳು. ನನಗೆ ಆ ದಿನ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ. ಮಗ ಬದುಕಿರಲೆಂದು ಒಬ್ಬಳು ಬಣ್ಣ ಬೇಡುತ್ತಿದ್ದಾಳೆ, ಅದೇ ಬಣ್ಣದೊಳಗೆ ಇನ್ನೊಬ್ಬಳು ದಿನಾ ಸಾಯುತ್ತಿದ್ದಾಳೆ, ಇಬ್ಬರೂ ಒಂದೇ ತಟ್ಟೆಯಿಂದ ನನಗೆ ತುತ್ತು ಕೊಟ್ಟವರು. ಇವರಲ್ಲಿ ಯಾರ ಪಕ್ಷ ಹಿಡಿಯಲಿ? ನಾನು ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ ಒಂದೊಂದು ಕತೆ ಹೇಳಿದ್ದೇನೆ. ಖರೆ ಕತೆ ಆ ಭಾನುವಾರದ್ದು.

ಆಮೇಲೆ ಹೊಸ ಖಣ ಬರಲೇ ಇಲ್ಲ. ಹಳೆಯ ಕುಪ್ಪಸಗಳ ಬಗಲು ಹರಿದವು, ಬೆನ್ನು ಜಾಳಾದವು. ಖಣ ಎಂದರೆ ಇಡಿಯಾಗಿ ಹೊಲಿಯಬೇಕು, ತುಂಡು ಕೂಡಿಸಿ ಮುತ್ತೈದೆಗೆ ತೊಡಿಸಬಾರದು ಎಂದು ಹಿಂದೆ ನನಗೆ ಹೇಳಿಕೊಟ್ಟವಳು ಆಯಿಯೇ. ಈಗ ಆಕೆಯೇ ಗಟ್ಟಿಯುಳಿದ ತುಂಡುಗಳನ್ನು ಬಿಚ್ಚಿ ಕೂಡಿಸತೊಡಗಿದಳು. ನಕ್ಷತ್ರದ ಬೆನ್ನಿಗೆ ತುಳಸಿ ಎಲೆಯ ತೋಳು, ಎದೆಗೆ ನನ್ನ ಕೆಂಪು ಖಣ. ಕಣ್ಣು ಕಾಣದ್ದರಿಂದ ಒಂದು ತೋಳಿನ ಎಲೆ ಮೇಲ್ಮುಖವಾದರೆ ಇನ್ನೊಂದರದು ಕೆಳಮುಖ. ಅದರ ಕೆಳಗೆ ಅಪ್ಪ ತಂದ ಸೀರೆಗಳಲ್ಲಿ ಉಳಿದೆರಡನ್ನು ನಡುವೆ ಕೂಡಿಸಿದ ಒಂದು ಸೀರೆ. ಓಣಿಯ ಮಕ್ಕಳು ನಗುತ್ತಿದ್ದರು. ನಾನು ಅವ್ವನ ಜೊತೆ ಹೊರಗೆ ಹೋಗುವುದನ್ನೇ ಬಿಟ್ಟೆ, ಮತ್ತು ಅವ್ವ ಒಮ್ಮೆಯೂ ಯಾಕೆಂದು ಕೇಳಲಿಲ್ಲ. ಬೆಳಗ್ಗೆ ಆಯಿ ತೋಳು ಸವರುವಳು, ಚಹಾ ಕುಡಿಯುವಳು. ಅವ್ವ ಕಾರ್ಖಾನೆಗೆ ಹೋಗಿ ಎಲ್ಲವನ್ನೂ ಬೂದು ಕೋಟಿನೊಳಗೆ ಮುಚ್ಚಿಕೊಳ್ಳುವಳು. ಹಾಗೆ ನಾನು ಹತ್ತನೇ ಇಯತ್ತೆಗೆ ಬಂದೆ.

ಆ ಚಳಿಗಾಲದಲ್ಲಿ ಆಯಿ ಹಾಸಿಗೆ ಹಿಡಿದಳು. ಕೊನೆಯ ದಿನಗಳಲ್ಲಿ ಗುರುತು ತಪ್ಪುತ್ತಿತ್ತು. ನನ್ನನ್ನೇ ಶಾಂತವ್ವ ಎಂದು ಕರೆದು ನನ್ನ ಯೂನಿಫಾರ್ಮಿನ ತೋಳು ಸವರುವಳು. ಸಾದಾ ಬಟ್ಟೆ ಕೈಗೆ ತಾಗಿ ಗಾಬರಿಯಾಗುವಳು. ಆಗ ಅವ್ವ ಎಲ್ಲಿದ್ದರೂ ಓಡಿಬಂದು ತನ್ನ ತೋಳು ಕೊಡಬೇಕು. ಪ್ರಾಣ ಹೋಗುವಾಗಲೂ ಆ ಬೆರಳುಗಳು ಅವ್ವನ ತೋಳಿನ ಮೇಲೆಯೇ ಇದ್ದವು. ಊರಿನಿಂದ ದಾಯಾದಿಯೊಬ್ಬರು ಬಂದು ಮಗ ಮಾಡಬೇಕಾದ್ದನ್ನು ಮಾಡಿ ಹೋದರು. ಮಗ ಬದುಕಿದ್ದಾನೋ ಇಲ್ಲವೋ ಎಂದು ಅವರೂ ಕೇಳಲಿಲ್ಲ.

ದಿನಕರ್ಮ ಮುಗಿದ ಮೇಲೆ ಅವ್ವ ನನ್ನನ್ನು ಕರೆದುಕೊಂಡು ಕಮಲಾನಗರದ ಮ್ಯಾಚಿಂಗ್ ಸೆಂಟರಿಗೆ ಹೋದಳು. ಕೈಯಲ್ಲಿ ಹೊಸದೊಂದು ಸೀರೆ, ತಿಳಿಗಂದು, ಹೂವಿಲ್ಲ, ಗೆರೆಯಿಲ್ಲ, ಅಂಚೂ ಇಲ್ಲ. ಅಂಗಡಿಯವನು ಗೋಡೆಯಿಂದ ಕಂದು ಬಣ್ಣದ ಬಟ್ಟೆಗಳನ್ನು ಒಂದೊಂದೇ ಇಳಿಸಿ ಸೀರೆಯ ಮೇಲೆ ಹಾಸಿದ. ಒಂದು ಸ್ವಲ್ಪ ಕೆಂಪಾಯಿತು, ಒಂದು ಹಳದಿಯಾಯಿತು. ಅವ್ವ ಒಂದನ್ನು ಬಾಗಿಲ ಬಿಸಿಲಿಗೆ ತಂದು ಹಿಡಿದು ನನ್ನನ್ನು ನೋಡಿದಳು. ಸೀರೆ ಎಲ್ಲಿ ಮುಗಿಯುತ್ತದೆ, ಬಟ್ಟೆ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗುತ್ತಿರಲಿಲ್ಲ. ಕೂಡಿತೇ ಎಂದು ಕೇಳಿದಳು. ಸಣ್ಣವಳಿದ್ದಾಗ ಎಷ್ಟು ಆಸೆಪಟ್ಟು ನಿಂತು ನೋಡಿದ ಜಾಗ ಅದು. ಕೂಡಿತು ಎಂದೆ.

ಮರುದಿನ ಬೆಳಗ್ಗೆ ಅವ್ವ ಅದನ್ನು ಉಟ್ಟು, ಹಸಿರು ಬಳೆ ಬಿಚ್ಚಿ ಕಿಟಕಿಯಲ್ಲಿಟ್ಟು, ಕೊಡ ಹಿಡಿದು ಓಣಿಯ ನಲ್ಲಿಗೆ ಹೋದಳು. ಕೊರಳಲ್ಲಿ ತಾಳಿ ಇತ್ತೋ ಇಲ್ಲವೋ, ನೋಡುವ ಧೈರ್ಯ ನನಗಾಗಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಮೊದಲು ನೋಡಿದ್ದು ಯಾದಮ್ಮ. ಇಷ್ಟು ವರ್ಷ ಅವ್ವನ ಜಾಕೆಟ್ಟು ಸೀರೆಗೆ ಕೂಡುವುದಿಲ್ಲ ಎಂದು ಚೇಷ್ಟೆ ಮಾಡುತ್ತಿದ್ದ ಹೆಂಗಸು ತುಂಬುತ್ತಿದ್ದ ಕೊಡವನ್ನು ಹಾಗೇ ಬಿಟ್ಟು ಬಂದು ಅವ್ವನ ಎರಡೂ ಕೈ ಹಿಡಿದುಕೊಂಡಳು.

"ಎಪ್ಪುಡೈಂದಿ ಶಾಂತಮ್ಮಾ?" ಯಾವಾಗ ಆಯಿತು ಎಂದು ಕೇಳಿದಳು.

ಅವ್ವ ಇಲ್ಲ ಎನ್ನಬಹುದಿತ್ತು. ಹಾಗೇನೂ ಸುದ್ದಿ ಬಂದಿಲ್ಲ ಎನ್ನಬಹುದಿತ್ತು. ಅವಳು ಯಾದಮ್ಮನ ಹೆಗಲಿಗೆ ತಲೆ ಇಟ್ಟಳು.

"ಚಾನ ದಿನಾಲಾಯೆ," ಎಂದಳು. ಬಹಳ ದಿನಗಳಾದವು ಎಂದು.

ಹಾಗೆ ನಮ್ಮ ಮನೆಯಲ್ಲಿ ಅಪ್ಪ ಸತ್ತ. ಓಣಿಯ ಹೆಂಗಸರೆಲ್ಲ ಬಂದು ಕೂತರು. ಎಲ್ಲಿ, ಹೇಗೆ ಎಂದು ಒಬ್ಬರೂ ಕೇಳಲಿಲ್ಲ. ಮಧ್ಯಾಹ್ನ ಕಸ್ತೂರಿಬಾಯಿ ಬಂದರು. ಈ ಸಲ ಏನು ಮಾಡಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಅವ್ವನ ಪಕ್ಕದಲ್ಲಿ ಕೂತು ಬೆನ್ನು ಸವರುತ್ತ ಇದ್ದರು. ಅವ್ವ ಅತ್ತಳು. ಅಪ್ಪ ಹೋದ ದಿನದಿಂದ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಯಾದಮ್ಮ ತನ್ನ ಮನೆಯಿಂದ ಅನ್ನ, ಬೇಳೆಯ ಪಪ್ಪು ತಂದು ಬಡಿಸಿದಳು. ಅವ್ವ ಹೊಟ್ಟೆ ತುಂಬ ಉಂಡಳು. ನನಗೆ ಒಂದು ತುತ್ತೂ ಇಳಿಯಲಿಲ್ಲ. ದಿನಾ ನಾಷ್ಟಾಕ್ಕೆ ಅವನ ರೊಟ್ಟಿ ತಿಂದವಳು ನಾನು, ಅವನು ಸತ್ತನೆಂದು ನನ್ನ ಹೊಟ್ಟೆ ಹೇಗೆ ಒಪ್ಪೀತು?

ಎಲ್ಲರೂ ಹೋದ ಮೇಲೆ ಅವ್ವ ಕಸ ಗುಡಿಸುತ್ತಿದ್ದಳು. ಅಪ್ಪ ನಾಳೆ ಬಂದರೆ ಏನು ಮಾಡುವುದು ಎಂದು ಕೇಳಿಯೇಬಿಟ್ಟೆ. ಅವಳು ಕಸಬರಿಗೆ ನಿಲ್ಲಿಸಲಿಲ್ಲ.

"ಬಂದರ ಬರಲಿ. ನೀ ಸತ್ತೀಯಪ್ಪಾ ಅಂತ ಓಣ್ಯಾಗ ಯಾರರ ಹೇಳ್ತಾರ."

ಕಸ ಎತ್ತಿ ಹಾಕಿ ಬಂದು, ಮಂಚ ಹತ್ತಿ, ಗೂಟದಿಂದ ನೀಲಿ ಎಲೆಗಳ ಅಂಗಿಯನ್ನು ಇಳಿಸಿದಳು. ಗುಂಡಿಗಳನ್ನು ಕತ್ತರಿಸಿ ಡಬ್ಬಿಗೆ ಹಾಕಿಕೊಂಡಳು. ಒಮ್ಮೆಯೂ ತೊಡದ ಅಂಗಿ, ಯಾರ ಬೆವರೂ ತಾಗಿರಲಿಲ್ಲ. ಅದನ್ನು ನೀರಲ್ಲಿ ಅದ್ದಿ ಹಿಂಡಿ, ನೆಲ ಒರೆಸು ಎಂದು ನನ್ನ ಕೈಗೆ ಕೊಟ್ಟಳು. ಹೊಸ ಬಟ್ಟೆ ನೀರು ಸರಿಯಾಗಿ ಹೀರಲಿಲ್ಲ, ಎರಡು ಸಲ ಒರೆಸಬೇಕಾಯಿತು.